ಪುಡಿ ಇಲ್ಲದ ಹೂ

ನಾಳಿ ಅರಳೋ ಮೊಗ್ಗು ಯಾವುದಂತ
ನನ್ನ ಹೆಬ್ಬೆರಳಿಗೆ ಗೊತ್ತು.
ತುದಿ ಹಸರು ಬಿಟ್ಟು ಬೆಳ್ಳಗಾಗಿರಬೇಕು,
ಹಿಚುಕಿದರ ಹಸಿ ಕೊಬ್ಬರಿ ಚೂರಿನಂಗ ಬಿಗಿ ಇರಬೇಕು.
ನಿನ್ನೆ ಆಗಿದ್ದರ ಎಳಸು,
ಇವತ್ತು ಬಿಟ್ಟರ ತಡ.

ಹಲಗೇರಿ ದಾರಿಯ ಬಲೆಮನಿಯೊಳಗ
ಎರಡು ಬಾಗಿಲ ನಡುವ ನಿಂತು ಸೆರಗು ಝಾಡಿಸಿ,
ಒಂದು ಜೇನುನೊಣಾನೂ ಬೆನ್ನು ಹತ್ತಿ ಬರದಂಗ ನೋಡಿ,
ಹತ್ತೊಂಬತ್ತು ವರ್ಷ ಸಂಜಿಗೆಲ್ಲಾ ಅದ ಕೆಲಸ:
ಮೊಗ್ಗು ಬಿಚ್ಚು, ಚಿಮಟಾ ಹಾಕು,
ಐದು ನೀಲಿ ಚೀಲ ಕಿತ್ತು ತೆಗಿ
ನಡುವಿನ ಕಡ್ಡಿಗೆ ಉಗುರು ತಾಗದಂಗ.
ಮೈಲವ್ವ ಅದಕ್ಕ ‘ಗಂಡು ತೆಗಿಯೋದು’ ಅಂತಿದ್ಲು.
ಮೊದಲ ವರ್ಷ ಅದನ್ನ ಕೇಳಿ ನಕ್ಕು ನಕ್ಕು
ಹನ್ನೆರಡು ಮೊಗ್ಗು ಮುರಿದೆ.
ಹನ್ನೆರಡನ್ನೂ ಕೂಲಿಯೊಳಗ ಮುರಕೊಂಡ ಕೊಟ್ರೇಶ.

ಮುಂಜಾನಿದು ಬ್ಯಾರೆ.
ಎಡಗೈ ನಡುಬೆರಳಿಗೆ ಪ್ಲಾಸ್ಟಿಕ್ ಉಂಗುರ,
ಉಂಗುರದ ಬಟ್ಟಲಾಗ ಆಚೆ ಮಡಿಯ ಗಂಡುಗಿಡದ ಪುಡಿ.
ಕಡ್ಡಿ ಬಗ್ಗಿಸಿ ಅದರಾಗ ಅದ್ದೋದು,
ಕೂಸಿನ ನಾಲಿಗಿಗೆ ಬಜಿ ತೇದು ಹಚ್ಚಿದಂಗ.
ಗುರ್ತಿಗೆ ಕೆಂಪು ದಾರ.
ಲಗ್ನ ಆತು ಅಂತಿದ್ವಿ. ಅಕ್ಕಿಕಾಳು ಮಾತ್ರ ಇಲ್ಲ.

ಒಂದು ವರ್ಷ ನನ್ನ ಸಾಲಿನ ಬೀಜ ಹೊಳ್ಳಿ ಬಂತು.
ಮೊದಲಾದರ ಬಿತ್ತಿ, ಗಿಡ ಮಾಡಿ, ಕಾಯಿ ನೋಡಿ
ತಪ್ಪು ಹೇಳಾಕ ನಾಕು ತಿಂಗಳು ಬೇಕಿತ್ತು,
ಅಷ್ಟರಾಗ ತಪ್ಪು ಮಾಡಿದಾಕಿ ಮರತಿರತಿದ್ಲು.
ಈಗ ಮೊಳಕಿಯ ಒಂದು ಎಲಿ ಸಾಕಂತ,
ಅರದು, ಸೋಸಿ, ಡಿಎನ್‌ಎ ಓದತಾರಂತ.
‘ನೂರಕ್ಕ ನಾಕು ಬೀಜದಾಗ ಬರೇ ತಾಯಿ’ ಅಂತ ಕಾಗದ.
ನೆನಪಾತು:
ಮಗಳಿಗೆ ಜ್ವರ ಏರಿದ ಆ ಗುರುವಾರ
ಕಣ್ಣು ಮೊಗ್ಗಿನ ಮ್ಯಾಲ, ಜೀವ ಮನಿಯಾಗ.
ಗುರುವಾರನ್ನ ಬೀಜ ಬರಕೊಂಡಿತ್ತು.

ಈ ಸಲ ಹೊಸ ತಳಿ.
ವೈಜಯಂತಿ ಮೇಡಂ ಕೆಸರಾಗ ಮೊಣಕಾಲೂರಿ
ಅರಳಿದ ಹೂವನ್ನ ನನ್ನ ಕರಿ ಸೆರಗಿಗೆ ತಟ್ಟಿದ್ಲು.
ಏನೂ ಉದರಲಿಲ್ಲ.
ಚೀಲ ಐದೂ ಅದಾವ, ಮುರುಟಿ, ಜ್ವಾಳದ ಹೊಟ್ಟಿನಂಗ.
ಒಳಗ ಪುಡಿ ಇಲ್ಲ.
“ಹುಟ್ಟತಾನ ಹಿಂಗ,” ಅಂದ್ಲು. “ತಾಯಿಯಿಂದ ಅಷ್ಟ ಬರೋ ಗುಣ.
ಅಪ್ಪ ಅವ್ವ ಇಬ್ಬರೂ ಕೊಡೋ ವರ್ಣತಂತುವಿನಾಗ ಅಲ್ಲ,
ಜೀವಕೋಶದಾಗ ಸಣ್ಣ ಸಣ್ಣ ಒಲಿ ಇರತಾವು, ಉಸಿರಿನ ಒಲಿ,
ಅದರಾಗ ಕುಂತೈತಿ.
ಗಂಡಿನ ಪುಡಿ ತನ್ನ ಒಲಿ ಹೊತ್ತು ದಾಟಂಗಿಲ್ಲ.”

ಅವ್ವನಿಂದ ನನಗ, ನನ್ನಿಂದ ಮಗಳಿಗೆ
ಏನೇನು ದಾಟಿರಬೇಕು ಅಂತ ಎಣಿಸಿದೆ.
ಈ ಗಿಡ್ಡ ಬೆರಳು.
ಬಿಸಲಿಗೆ ಏಳೋ ಅರೆತಲೆನೋವು.
ಒಲಿ ಊದುವಾಗ ಕಣ್ಣು ಮುಚ್ಚೋ ಚಾಳಿ, ಅದೂ ಇದ್ದೀತು.

ಅಂದರ ಇನ್ನ ಸಂಜಿ ಪಾಳಿ ಇಲ್ಲ.
ಮೂವತ್ತು ಮಂದಿಯಾಗ ಹದಿನಾಕು ಸಾಕು,
ಚಿಮಟಾ ತಂದು ಡಬ್ಬಿಗೆ ಹಾಕ್ರಿ ಅಂದ ಕೊಟ್ರೇಶ.
ಎಲ್ಲಾರೂ ಸುಮ್ಮನ ನಿಂತಾಗ ಹಸೀನಾ ಕೇಳಿದ್ಲು:
“ಮೇಡಂ, ಪುಡಿ ಇಲ್ಲದ ತಾಯಿಗೆ ಹುಟ್ಟಿದ ಗಿಡ
ರೈತರ ಹೊಲದಾಗ ಕಾಯಿ ಹೆಂಗ ಕಟ್ಟತೈತಿ?”

ಮೇಡಂ ಮುಖ ಅರಳಿತು.
ಗಂಡುಗಿಡದಾಗ ಇನ್ನೊಂದು ಗುಣ ಹುಡುಕಿ ಇಟ್ಟಾರಂತ,
ತಾಯಿ ಕಟ್ಟಿದ್ದನ್ನ ಮಕ್ಕಳಾಗ ಬಿಚ್ಚೋ ಗುಣ.
ಮಣ್ಣಿನ ಮ್ಯಾಲ ಕಡ್ಡಿಲೆ ಗೀರಿ ಗೀರಿ
ಅರ್ಧ ತಾಸು ಹೇಳಿದ್ಲು,
ಇಂಥಾ ಪ್ರಶ್ನಿ ಕಾಲೇಜಿನಾಗೂ ಕೇಳಂಗಿಲ್ಲ ಅಂದ್ಲು.
ಹದಿನಾಕರಾಗ ಹಸೀನಾನ ಹೆಸರು ಇರಲಿಲ್ಲ.
ನಂದು ಇತ್ತು.

ಡಬ್ಬಿಯಾಗ ಒಂದು ಚಿಮಟಾ ಕಮ್ಮಿ ಬಂತು.
ಕೊಟ್ರೇಶ ಎರಡು ಸಲ ಎಣಿಸಿದ.
ಮಗಳ ಅಂಗಾಲಾಗ ಜಾಲಿಮುಳ್ಳು ಮುರದೈತಿ,
ತೆಗಿಯಾಕ ಛಲೋ ಬರತೈತಿ.